ಗುಂಡುಕಲ್ಲಿನ ತುತ್ತು

ನಮ್ಮ ಊರು ಉರುವಾಪಾನ್‌ನಲ್ಲಿ ಬೆಣ್ಣೆಹಣ್ಣನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಪ್ರತಿ ಬೀದಿಯಲ್ಲೂ ತೋಟದ ಕೆಲಸದವರು ಒಬ್ಬರಾದರೂ ಇರುತ್ತಾರೆ. ಗಾತ್ರ ಸಾಲದ್ದು, ಸಿಪ್ಪೆ ಗೀರಿದ್ದು, ಲಾರಿಗೆ ಏರದೆ ಉಳಿದದ್ದು ಅವರ ಚೀಲದಲ್ಲಿ ಮನೆಗೆ ಬರುತ್ತದೆ. ಅಲ್ಲಿಂದ ಪಕ್ಕದ ಮನೆಗೆ, ಅದರಾಚೆಯ ಮನೆಗೆ ಹೋಗುತ್ತದೆ. ನಮ್ಮ ಕೇರಿಯಲ್ಲಿ ಬಹಳ ಕಾಲ ಹಾಗೆ ಹಣ್ಣು ತಂದು ಹಂಚಿದವರು ದೊನ್ ಸೆನೋಬಿಯೊ ಎಕಿವಾ.

ಅವರು ಕೊಯ್ಲಿನವರು. ತುದಿಗೆ ಕತ್ತರಿಯನ್ನೂ ಬಟ್ಟೆಯ ಚೀಲವನ್ನೂ ಕಟ್ಟಿದ ಉದ್ದನೆಯ ಗಳುವನ್ನು ಕೊಂಬೆಗಳ ನಡುವೆ ತೂರಿಸಿ, ತೊಟ್ಟು ಒಂದಿಷ್ಟು ಉಳಿಯುವಂತೆ ಹಣ್ಣು ಕತ್ತರಿಸುವುದು ಅವರ ಕೆಲಸವಾಗಿತ್ತು. ತೊಟ್ಟು ಬುಡಸಮೇತ ಕಿತ್ತುಬಂದರೆ ಹಣ್ಣು ದಾರಿಯಲ್ಲೇ ಕೊಳೆಯುತ್ತದೆ. ದಿನವಿಡೀ ಕತ್ತೆತ್ತಿ ಗಳು ಹಿಡಿದದ್ದರಿಂದ ಅವರ ಬಲಭುಜ ಎಡಕ್ಕಿಂತ ತಗ್ಗಿನಲ್ಲಿದೆ. ಅಂಗಿ ಯಾವಾಗಲೂ ಒಂದು ಕಡೆ ಜಾರಿದಂತೆ ಕಾಣುತ್ತದೆ. ಭುಜ ಪೂರ್ತಿ ಕೈಕೊಟ್ಟ ಮೇಲೆ ಗಳುವನ್ನು ಮನೆಯ ಹಿಂಭಾಗದ ಗೋಡೆಗೆ ಒರಗಿಸಿಟ್ಟು ಕೆಲಸ ಬಿಟ್ಟರು. ಮಾತು ಕಡಿಮೆ. ಯಾರಾದರೂ ಏನಾದರೂ ಕೊಟ್ಟರೆ ಟೋಪಿ ತೆಗೆದು ಎದೆಗೆ ಒತ್ತಿಕೊಳ್ಳುತ್ತಾರೆ, ಅಷ್ಟೇ.

ಹೆಂಡತಿ ಒದಿಲಿಯಾ ಪೆರಿಬಾನ್ ಕಡೆಯವರು. ಸೆನೋಬಿಯೊ ಹರೆಯದಲ್ಲಿ ಕೊಯ್ಲಿನ ಗುಂಪಿನೊಂದಿಗೆ ಅಲ್ಲಿಗೆ ಹೋದಾಗ, ಕೆಲಸದವರಿಗೆ ಊಟ ಹಾಕುತ್ತಿದ್ದವರು ಒದಿಲಿಯಾಳ ತಾಯಿ. ಮದುವೆಯಾಗಿ ಬರುವಾಗ ತಾಯಿ ಮಗಳಿಗೆ ಕೊಟ್ಟದ್ದು ಮೂರು ಕಾಲಿನ ಕಲ್ಲಿನ ಒರಳು ಮತ್ತು ಅದರ ಗುಂಡುಕಲ್ಲು. ಆ ಒರಳಿನಲ್ಲಿ ಒದಿಲಿಯಾ ರುಬ್ಬುತ್ತಿದ್ದ ಗ್ವಾಕಮೋಲೆ ಎಂಬ ಬೆಣ್ಣೆಹಣ್ಣಿನ ಚಟ್ನಿಗೆ ಕೇರಿಯಲ್ಲಿ ಹೆಸರಿತ್ತು. ಈರುಳ್ಳಿ, ಹಸಿಮೆಣಸಿನಕಾಯಿ, ಹರಳುಪ್ಪು, ಕೊತ್ತಂಬರಿ ಸೊಪ್ಪು ಮೊದಲು ನುಣ್ಣಗಾಗಬೇಕು. ಅದರ ಮೇಲೆ ಹಣ್ಣಿನ ತಿರುಳು. ನಿಂಬೆ ಹಿಂಡುವುದು ಹೋಟೆಲಿನವರ ಕೆಲಸ ಎಂಬುದು ಆಕೆಯ ಖಚಿತ ಅಭಿಪ್ರಾಯವಾಗಿತ್ತು.

ಸೆನೋಬಿಯೊ ಇದನ್ನೆಲ್ಲ ತಿಂದವರೇ ಹೊರತು ನೋಡಿದವರಲ್ಲ. ನಮ್ಮಲ್ಲಿ ಅವರ ವಯಸ್ಸಿನ ಗಂಡಸರು ಅಡುಗೆಮನೆಗೆ ಹೋಗುವುದು ನೀರು ಕುಡಿಯಲು ಮಾತ್ರ. ಕರೆದಾಗ ಬಂದು ಮೇಜಿನ ಮುಂದೆ ಕೂರುತ್ತಿದ್ದರು. ಒರಳು ಮೇಜಿನ ಮೇಲೆ ಬರುವ ಹೊತ್ತಿಗೆ ಅದರಲ್ಲಿ ಆಗಬೇಕಾದದ್ದೆಲ್ಲ ಆಗಿರುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ ಒದಿಲಿಯಾ ಅಂಗಳದಲ್ಲಿ ಬಟ್ಟೆ ಒಗೆಯುತ್ತ ಕುಸಿದರು. ಲಕ್ವ. ಬಲಗೈ, ಬಲಗಾಲು ಸೋತವು. ನುಂಗುವುದು ಕಷ್ಟವಾಯಿತು. ಮಾತು ಹೋಯಿತು. ಆಸ್ಪತ್ರೆಯಲ್ಲಿ ಬಾಯಿ ತೆರೆದು ಮೊದಲ ಶಬ್ದ ಹೊರಟಾಗ ಮಗಳು ಅಂಪಾರೊ ಅತ್ತೇಬಿಟ್ಟಳು. ಆ ಶಬ್ದ "ಕಮ್ಮಿ." ಅಡುಗೆ ಕಲಿಸುವಾಗ ಮಗಳ ಸಾರಿನ ರುಚಿ ನೋಡಿ ತಾಯಿ ಹೇಳುತ್ತಿದ್ದ ಮಾತು ಅದು. ಮರುದಿನವೂ ಅದೇ. ಬಾಯಾರಿಕೆಗೆ "ಕಮ್ಮಿ", ಹೊದಿಕೆಗೆ "ಕಮ್ಮಿ", ಗಂಡ ಬಂದರೂ "ಕಮ್ಮಿ." ಎಲ್ಲ ಮಾತೂ ಹೋಗಿ ಅದೊಂದೇ ಉಳಿದಿದೆ, ಕೆಲವರಿಗೆ ಹೀಗಾಗುತ್ತದೆ ಎಂದು ವೈದ್ಯರು ತಿಳಿಸಿದರು. ಆದರೆ ಬುದ್ಧಿ ನೆಟ್ಟಗಿದೆ, ನೀವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ ಎಂದರು.

ಅರ್ಥವಾಗುತ್ತದೆ ಎಂಬುದಕ್ಕೆ ಪುರಾವೆ ಬೇಗ ಸಿಕ್ಕಿತು. ಆಹಾರಕ್ಕೆಂದು ಮೂಗಿನಲ್ಲಿ ಇಟ್ಟಿದ್ದ ಕೊಳವೆಯನ್ನು ಒದಿಲಿಯಾ ಎಡಗೈಯಿಂದ ಕಿತ್ತೆಸೆದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಮೂರನೆಯ ಸಲ ದಾದಿ ಬಂದಾಗ ಮುಖ ಗೋಡೆಗೆ ತಿರುಗಿಸಿ ಮಲಗಿದರು.

ಮನೆಗೆ ಕಳಿಸುವಾಗ ವೈದ್ಯರು ವಿಷಯವನ್ನು ಸ್ಪಷ್ಟವಾಗಿಯೇ ಹೇಳಿದರು. ಬಾಯಿಯಿಂದಲೇ ತಿನ್ನುವುದಾದರೆ ಸಂತೋಷ. ಫೆಬ್ರವರಿಯ ಕಾಂದೆಲಾರಿಯಾ ಹಬ್ಬ ಮುಗಿದ ಮೇಲಿನ ವಾರ ಕರೆತನ್ನಿ. ಅಷ್ಟರಲ್ಲಿ ತೂಕ ಇಳಿಯುವುದು ನಿಲ್ಲಬೇಕು, ನಮ್ಮ ಎದುರಿನಲ್ಲಿ ಕೆಮ್ಮದೆ ಒಂದು ಬಟ್ಟಲು ತಿಂದು ತೋರಿಸಬೇಕು. ಇಲ್ಲದಿದ್ದರೆ ಹೊಟ್ಟೆಗೆ ತೂತು ಮಾಡಿ ಕೊಳವೆ ಇಡದೆ ಬೇರೆ ದಾರಿಯಿಲ್ಲ. ಒದಿಲಿಯಾ ಇದನ್ನು ಕೇಳಿ ಗಂಡನ ಅಂಗಿಯ ತೋಳು ಹಿಡಿದವರು ಬಸ್ ಹತ್ತುವವರೆಗೂ ಬಿಡಲಿಲ್ಲ.

ನುಂಗುವ ಅಭ್ಯಾಸ ಮಾಡಿಸುವ ನಯೇಲಿ ಎಂಬ ಯುವತಿ ಸೆನೋಬಿಯೊ ಅವರಿಗೆ ಉಣಿಸುವುದನ್ನು ಕಲಿಸಿದರು. ಬೆನ್ನು ನೆಟ್ಟಗಿರಬೇಕು, ಗದ್ದ ತಗ್ಗಿಸಬೇಕು, ಅರ್ಧ ಚಮಚ ಮಾತ್ರ. ಎರಡು ಬೆರಳನ್ನು ಗಂಟಲಿನ ಮೇಲೆ ಹಗುರವಾಗಿ ಇಟ್ಟು, ಅದು ಮೇಲೆದ್ದು ಇಳಿದದ್ದು ಗೊತ್ತಾದ ಮೇಲೆಯೇ ಮುಂದಿನ ಚಮಚ. ನೀರಾಗಿರುವುದು ಬೇಡ, ಪುಡಿಪುಡಿಯಾದದ್ದು ಬೇಡ, ಗಂಟು ಬೇಡ.

"ಕಳಿತ ಹಣ್ಣು ಕಿವುಚಿದ ಹಾಗಿರ್ಬೇಕು, ದೊನ್ ಸೆನೊ" ಎಂದರು ನಯೇಲಿ.

"ಬೆಣ್ಣೆಹಣ್ಣು ಆಗುತ್ತಾ, ಸೆನ್ಯೊರೀತಾ?"

"ಅದಕ್ಕಿಂತ ಒಳ್ಳೇದು ಯಾವ್ದಿದೆ? ನುಣ್ಣಗಿದ್ರೆ ಸಾಕು."

ಸೆನೋಬಿಯೊ ಟೋಪಿ ತೆಗೆದು ಎದೆಗೊತ್ತಿಕೊಂಡರು.

ಅಂಪಾರೊ ಹಣ್ಣು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಪಾಳಿ ಮುಗಿಸಿ ಸಂಜೆ ತಾಯಿಯನ್ನು ನೋಡಲು ಬರುತ್ತಿದ್ದಳು. ಬರುವಾಗ ಶಿಶುಗಳಿಗೆ ಮಾರುವ ಗಾಜಿನ ಸೀಸೆಯ ಸೇಬಿನ ತಿರುಳು, ಕ್ಯಾರೆಟ್ಟಿನ ತಿರುಳು ತರುತ್ತಿದ್ದಳು. ಒದಿಲಿಯಾ ಒಂದೆರಡು ಚಮಚ ತೆಗೆದುಕೊಂಡು ತುಟಿ ಮುಚ್ಚುತ್ತಿದ್ದರು. ಸೀಸೆಯ ಮೇಲಿನ ನಗುವ ಮಗುವಿನ ಚಿತ್ರವನ್ನು ಆಕೆ ನೋಡುತ್ತಿದ್ದ ರೀತಿಯಲ್ಲಿ ಕೋಪವಿತ್ತು.

"ಅಪ್ಪಾ, ಅಮ್ಮನ ಕೈ ನೋಡಿದೀಯಾ? ಉಂಗುರ ಜಾರಿ ಬೀಳ್ತಿದೆ" ಎಂದಳು ಅಂಪಾರೊ ಒಂದು ಸಂಜೆ.

"ನೋಡಿದೀನಿ."

"ಹಬ್ಬದವರೆಗೂ ಯಾಕೆ ಕಾಯ್ಬೇಕು? ಕೊಳವೆ ಹಾಕ್ಸೋಣ. ಹಸ್ಕೊಂಡು ಸಾಯೋದಕ್ಕಿಂತ ಅದೇ ವಾಸಿ ಅಲ್ವಾ?"

"ಅವಳು ಬೇಡ ಅಂತಾಳೆ."

"ಅವಳು ಏನ್ ಅಂತಾಳೆ? ಕಮ್ಮಿ ಅಂತಾಳೆ! ಎಲ್ಲದಕ್ಕೂ ಕಮ್ಮಿ!"

ಕುರ್ಚಿಯಲ್ಲಿ ಕೂತಿದ್ದ ಒದಿಲಿಯಾ ಮಗಳನ್ನು ನೋಡಿ "ಕಮ್ಮಿ" ಎಂದರು. ಅಂಪಾರೊ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಮಗಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದು ಸೆನೋಬಿಯೊ ಅವರಿಗೂ ಗೊತ್ತಿತ್ತು.

ಅವರು ಒರಳು ಇಳಿಸಿದ್ದು ಮರುದಿನ. ಹಳೆಯ ಗುಂಪಿನವರೊಬ್ಬರು ಬಾಗಿಲಲ್ಲಿಟ್ಟು ಹೋಗಿದ್ದ ಹಣ್ಣಿನಲ್ಲಿ ಎರಡನ್ನು ತೆಗೆದುಕೊಂಡು, ಈರುಳ್ಳಿ, ಮೆಣಸಿನಕಾಯಿಯನ್ನೆಲ್ಲ ಮೊದಲೇ ನೋಡಿ ಬಲ್ಲವರಂತೆ ಜೋಡಿಸಿಟ್ಟುಕೊಂಡು ರುಬ್ಬಲು ಕೂತರು. ಚಾಕು ಹಣ್ಣಿನೊಳಗೆ ಇಳಿಯಲಿಲ್ಲ. ಒತ್ತಿದರು. ಬೀಜದ ಸಮೇತ ಹೋಳು ಸಿಡಿದು ನೆಲಕ್ಕೆ ಬಿತ್ತು.

ಪಕ್ಕದ ಮನೆಯ ದೋನ್ಯಾ ತ್ರಿನಿ ಆಗಲೇ ಒಳಗೆ ಬಂದದ್ದು. ಆಕೆ ಅಂಪಾರೊಗೆ ಜ್ಞಾನಸ್ನಾನದ ತಾಯಿ, ಆ ನಂಟಿನಿಂದ ಸೆನೋಬಿಯೊ ಅವರನ್ನು "ಕೊಂಪಾದ್ರೆ" ಎಂದು ಕರೆಯುವವರು, ಅವರಿಂದ "ಕೊಮಾದ್ರೆ" ಎನಿಸಿಕೊಳ್ಳುವವರು. ಸದಾ ಹಸಿದಿರುವ, ಸದಾ ಮಾತಾಡುವ, ಗಟ್ಟಿಮುಟ್ಟಾದ ವಿಧವೆ. ನೆಲದ ಮೇಲಿನ ಹೋಳನ್ನು ಎತ್ತಿ ಉಗುರಿನಿಂದ ತಟ್ಟಿದರು. ಮರದ ಸದ್ದು ಬಂತು.

"ಅಲ್ಲ ಕೊಂಪಾದ್ರೆ, ಜೀವಮಾನವೆಲ್ಲ ಇದನ್ನೇ ಕೊಯ್ದಿದೀರ. ಇದು ಕಾಯಿ ಅಂತ ಗೊತ್ತಾಗ್ಲಿಲ್ವಾ?"

"ನಾವು ಕೊಯ್ಯೋದೇ ಕಾಯಿ, ಕೊಮಾದ್ರೆ. ಹಣ್ಣಾಗೋದು ಆಮೇಲೆ, ಬೇರೆಯೋರ ಮನೇಲಿ."

"ಒದಿ, ಕೇಳಿದ್ಯಾ ಇವ್ರ ಮಾತು? ಇವ್ರ ಕೈಲಿ ಊಟ ಮಾಡ್ಬೇಕು ನೀನು. ದೇವರೇ ಕಾಪಾಡ್ಬೇಕು."

ಒದಿಲಿಯಾಳ ಬಾಯಿಯ ಎಡಗಡೆ ಸ್ವಲ್ಪ ಅಲುಗಿತು. ತ್ರಿನಿ ಹೋಗಿ ತಮ್ಮ ಮನೆಯ ಗೂಡೆಯಲ್ಲಿ ಕಾಗದ ಸುತ್ತಿಟ್ಟಿದ್ದ ಕಪ್ಪು ಹಣ್ಣುಗಳನ್ನು ತಂದರು. ಹೆಬ್ಬೆರಳನ್ನು ತೊಟ್ಟಿನ ಪಕ್ಕ ಹೇಗೆ ಒತ್ತಿ ನೋಡಬೇಕು, ಒತ್ತಿದ ಗುರುತು ಎಷ್ಟು ಉಳಿಯಬೇಕು ಎಂದು ತೋರಿಸಿದರು. ಸೆನೋಬಿಯೊ ರುಬ್ಬಿದರು. ಭುಜ ನೋಯುತ್ತಿದ್ದುದರಿಂದ ಎಡಗೈಯಿಂದ ರುಬ್ಬಿದರು. ಗಂಟಿಲ್ಲದಂತೆ ನುಣ್ಣಗೆ ಬಂತು. ಗುಂಡುಕಲ್ಲನ್ನು ಒರಳಲ್ಲೇ ಬಿಟ್ಟು, ಬೇಕಾದಷ್ಟನ್ನು ಬಟ್ಟಲಿಗೆ ತೋಡಿಕೊಂಡು, ಹೆಂಡತಿಯ ಎದುರು ಕೂತು, ಗದ್ದ ತಗ್ಗಿಸಿ ಅರ್ಧ ಚಮಚ ಕೊಟ್ಟರು.

ಗಂಟಲು ಮೇಲೆದ್ದು ಇಳಿಯಿತು. ಕೆಮ್ಮು ಇಲ್ಲ.

"ಕಮ್ಮಿ" ಎಂದರು ಒದಿಲಿಯಾ. ತುಟಿ ಮುಚ್ಚಿತು.

ಅಲ್ಲಿಂದ ಮುಂದಿನ ದಿನಗಳು ಆ ಮನೆಯಲ್ಲಿ ಏನು ಕಮ್ಮಿ ಎಂದು ಹುಡುಕುವುದರಲ್ಲಿ ಹೋದವು. ಉಪ್ಪು ಇರಬೇಕು ಎಂದು ಉಪ್ಪು ಹೆಚ್ಚಿಸಿದರು. ಕಮ್ಮಿ. ಮೆಣಸಿನಕಾಯಿಯನ್ನು ಸುಟ್ಟು ಹಾಕಿದರು, ಹಸಿಯಾಗಿ ಹಾಕಿದರು. ಕಮ್ಮಿ. ಕೊತ್ತಂಬರಿ ಸೊಪ್ಪಿನ ದಂಟು ಬಿಟ್ಟು ಎಲೆ ಮಾತ್ರ ಬಿಡಿಸಿದರು. ಒಬ್ಬರು ಪೆರಿಬಾನ್‌ನಿಂದ ಬಂದ ಹಳೆಯ ತಳಿಯ ಹಣ್ಣು ತಂದುಕೊಟ್ಟರು. ಸಿಪ್ಪೆ ಕಾಗದದಷ್ಟು ತೆಳು, ಹಿಸುಕಿದರೆ ಸೋಂಪಿನ ವಾಸನೆ. ಒದಿಲಿಯಾ ಆ ವಾಸನೆಗೆ ಕಣ್ಣು ಮುಚ್ಚಿಕೊಂಡರು. ಮೊದಲ ಚಮಚ ನುಂಗಿ ಕಣ್ಣು ತೆರೆದು "ಕಮ್ಮಿ" ಎಂದರು.

"ಏನು ಕಮ್ಮಿ ಹೇಳೇ ಮುದುಕಿ" ಎಂದು ಸೆನೋಬಿಯೊ ಉಪ್ಪಿನ ಡಬ್ಬಿ ತೋರಿಸಿದರು. ಆಕೆ ತಲೆಯಾಡಿಸಿದರು. ಈರುಳ್ಳಿ ತೋರಿಸಿದರು. ಮತ್ತೆ ತಲೆಯಾಡಿಸಿದರು. ಹತಾಶೆಯಿಂದ ನಿಂಬೆಹಣ್ಣು ಎತ್ತಿ ಹಿಡಿದಾಗ ಆಕೆ ಗಂಡನನ್ನು ನೋಡಿದ ನೋಟ ನೆನೆದು ಅವರು ಇವತ್ತಿಗೂ ನಗುತ್ತಾರೆ.

ಕೇರಿಯವರು ಸುಮ್ಮನಿರಲಿಲ್ಲ. ಒಬ್ಬರು ಮೋಡದ ದಿನ ಕೊಯ್ದ ಹಣ್ಣು ಬೇಡ ಎಂದರು. ಇನ್ನೊಬ್ಬರು ಒರಳನ್ನು ಅಕ್ಕಿ ಹಾಕಿ ಮತ್ತೊಮ್ಮೆ ಪಳಗಿಸಬೇಕೆಂದು ತಾವೇ ಬಂದು ಅರೆದುಕೊಟ್ಟು ಹೋದರು. ಯಾವುದೂ ಫಲಿಸಲಿಲ್ಲ. ಆದರೂ ಆ ಮನೆಯ ಹಲಗೆಯ ಮೇಲೆ ಹಣ್ಣು ಖಾಲಿಯಾಗಲಿಲ್ಲ. ಕಳಿತದ್ದು, ನಾಳೆಗೆ ಕಳಿಯುವಂಥದ್ದು, ಅದರ ಮರುದಿನಕ್ಕಾಗುವಂಥದ್ದು ಎಂದು ಯಾರು ಯಾರೋ ನೋಡಿಕೊಂಡು ಇಟ್ಟು ಹೋಗುತ್ತಿದ್ದರು. ಎಷ್ಟೋ ಸಲ ಇಟ್ಟವರು ಯಾರೆಂದು ತಿಳಿಯುತ್ತಿರಲಿಲ್ಲ. ಸೆನೋಬಿಯೊ ಖಾಲಿ ಬಾಗಿಲಿಗೇ ಟೋಪಿ ತೆಗೆಯುತ್ತಿದ್ದರು.

ಕ್ರಿಸ್‌ಮಸ್ ಬಂದು ಹೋಯಿತು. ಒದಿಲಿಯಾಳ ಮುಖದಲ್ಲಿ ಮೂಳೆ ಎದ್ದು ಕಾಣತೊಡಗಿತು. ಅಂಪಾರೊ ಈಗ ಜಗಳವಾಡುತ್ತಿರಲಿಲ್ಲ. ಬಂದು ತಾಯಿಯ ಕಾಲು ತಿಕ್ಕಿ ಹೋಗುತ್ತಿದ್ದಳು. ತಂದೆಗೆ ಅದು ಜಗಳಕ್ಕಿಂತ ಕಷ್ಟವಾಗಿತ್ತು.

ಜನವರಿಯ ಒಂದು ಮಧ್ಯಾಹ್ನ ಸೆನೋಬಿಯೊ ಎಂದಿನಂತೆ ರುಬ್ಬಿ, ಎಂದಿನಂತೆ ಒಂದು ಚಮಚ ಕೊಟ್ಟು, ಎಂದಿನಂತೆ "ಕಮ್ಮಿ" ಕೇಳಿ, ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. ಔಷಧಿ ತರುವುದಿತ್ತು. ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ತ್ರಿನಿಯನ್ನು ಕೂರಿಸಿ ಹೋದರು. ಅಂಗಡಿಯಿಂದ ಬಂದಾಗ ಬಟ್ಟಲು ಖಾಲಿಯಾಗಿತ್ತು. ಒದಿಲಿಯಾಳ ಗದ್ದದ ಮೇಲೆ ಒಂದು ಹಸಿರು ಕಲೆ.

"ನೀವು ತಿಂದ್ರಾ?" ಎಂದು ಕೇಳಿದರು ಸೆನೋಬಿಯೊ.

"ನಾನ್ಯಾಕೆ ತಿನ್ಲಿ? ಅವಳೇ ತಿಂದ್ಲು. ಪೂರ್ತಿ."

"ಏನು ಹಾಕಿದ್ರಿ ಅದಕ್ಕೆ?"

"ಏನೂ ಇಲ್ಲ. ನೀವು ಮಾಡಿಟ್ಟಿದ್ದೇ."

"ಸುಳ್ಳು ಹೇಳ್ಬೇಡಿ, ಕೊಮಾದ್ರೆ. ಉಪ್ಪಾ?"

"ದೇವರಾಣೆ ಏನೂ ಹಾಕಿಲ್ಲ ಅಂದ್ನಲ್ಲ!"

ಸೆನೋಬಿಯೊ ಔಷಧಿಯ ಚೀಲ ಕೆಳಗಿಟ್ಟು ಕೂತರು. "ಬಾಗಿಲಿಂದ ಶುರು ಮಾಡಿ. ನಾನು ಹೋದೆ. ಆಮೇಲೆ?"

"ಆಮೇಲೆ ಏನು? ಕೂತೆ."

"ಎಲ್ಲಿ?"

"ಇದೇನು ಪೊಲೀಸ್ ಠಾಣೇನಾ? ಇಲ್ಲೇ ಕೂತೆ. ಹೊಟ್ಟೆ ಹಸೀತಿತ್ತು. ಬೆಳಿಗ್ಗೆಯಿಂದ ಕಾಫಿ ಬಿಟ್ರೆ ಏನೂ ಇಲ್ಲ. ಬಟ್ಟೆಯಲ್ಲಿ ರೊಟ್ಟಿ ಸುತ್ತಿಟ್ಟಿತ್ತು, ಒಂದು ತುಂಡು ಹರ್ಕೊಂಡೆ. ಒರಳಲ್ಲಿ ಗುಂಡು ಹಾಗೇ ಇತ್ತು, ಮೈತುಂಬ ಮೆತ್ಕೊಂಡು. ಅದನ್ನ ಒರೆಸ್ಕೊಂಡು ತಿಂದೆ. ಬಟ್ಟಲಲ್ಲಿರೋದು ಅವಳದು, ಅದನ್ನ ಮುಟ್ಲಿಲ್ಲ ಮತ್ತೆ! ಆಮೇಲೆ ಅವಳಿಗೆ ಕೊಟ್ಟೆ, ಬಾಯಿ ತೆಗೆದ್ಲು. ಇನ್ನೂ ಕೊಟ್ಟೆ..."

ತ್ರಿನಿ ಅಲ್ಲಿಗೆ ನಿಂತರು. ಒಮ್ಮೆ ಒರಳನ್ನು ನೋಡಿದರು, ಒಮ್ಮೆ ಒದಿಲಿಯಾಳನ್ನು ನೋಡಿದರು.

"ಅಯ್ಯೋ ನನ್ನ ದಡ್ಡತನವೇ" ಎಂದರು ನಿಧಾನವಾಗಿ. "ಗುಂಡಿನ ತುತ್ತು."

ಆ ಮನೆಯ ಅಡುಗೆಮನೆಯಲ್ಲಿ ನಿಂತು ಹರಟಿದ ಹೆಂಗಸರಿಗೆಲ್ಲ ಗೊತ್ತಿದ್ದ, ಆ ಮನೆಯ ಯಜಮಾನರಿಗೆ ಮಾತ್ರ ಗೊತ್ತಿಲ್ಲದ ಸಂಗತಿ ಅದು. ಒದಿಲಿಯಾಳ ತಾಯಿಯ ಕಾಲದಿಂದ ಬಂದ ನಿಯಮ. ರುಬ್ಬಿ ಮುಗಿದ ಮೇಲೆ, ಬಡಿಸುವವರು ಬಿಸಿ ರೊಟ್ಟಿಯ ತುಂಡಿನಿಂದ ಗುಂಡುಕಲ್ಲನ್ನು ಒರೆಸಿ, ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಆ ಮೊದಲ ತುತ್ತನ್ನು ತಾವು ತಿನ್ನಬೇಕು. ಆಮೇಲೆಯೇ ಒರಳು ಮೇಜಿಗೆ ಹೋಗಬಹುದು. ಅದಾಗದೆ ಗ್ವಾಕಮೋಲೆ ಮುಗಿದಂತಲ್ಲ. ಖಾರ ಮಕ್ಕಳಿಗೆ ಆದೀತೇ ಎಂದು ನೋಡಲು ಮಾಡಿದ ನಿಯಮವೋ, ಎಲ್ಲರಿಗೂ ಬಡಿಸಿ ಕೊನೆಗೆ ಖಾಲಿ ಒರಳು ನೋಡುವ ಹೆಂಗಸಿಗೆ ಒಂದು ತುತ್ತಾದರೂ ಖಂಡಿತ ಸಿಗಲಿ ಎಂದು ಮಾಡಿದ್ದೋ ತಿಳಿಯದು. ಪೆರಿಬಾನ್‌ನಲ್ಲಿ ವಿಚಾರಿಸಿದರೆ ಎರಡನ್ನೂ ಹೇಳುತ್ತಾರೆ.

"ನನಗೆ ಯಾರೂ ಹೇಳ್ಲಿಲ್ಲ" ಎಂದರು ಸೆನೋಬಿಯೊ.

"ಹೇಳೋದೇನು? ಒಳಗೆ ಬಂದಿದ್ರೆ ಕಾಣ್ತಿತ್ತು."

ಸಂಜೆ ಅಂಪಾರೊಳನ್ನು ಕೇಳಿದರು. "ಹೌದು, ಅಮ್ಮ ಯಾವಾಗ್ಲೂ ತಿನ್ನೋಳು. ನಾನೂ ನಮ್ಮನೇಲಿ ತಿಂತೀನಿ" ಎಂದಳು. ತಾನು ತಂದ ಸೀಸೆಯನ್ನು ನೋಡಿ, "ಸೀಸೆಗೆ ಗುಂಡುಕಲ್ಲಿಲ್ಲ ನೋಡು, ಅದಕ್ಕೇ ನನಗೂ ಹೊಳೀಲಿಲ್ಲ" ಎಂದಳು.

ಮರುದಿನ ಸೆನೋಬಿಯೊ ರುಬ್ಬಿದರು. ರೊಟ್ಟಿ ಬಿಸಿ ಮಾಡಿದರು. ಹೆಂಡತಿಯ ಕುರ್ಚಿಯನ್ನು ಒಲೆ ಕಾಣುವಂತೆ ತಿರುಗಿಸಿಟ್ಟು, ತಾವು ನಿಂತುಕೊಂಡು, ಗುಂಡುಕಲ್ಲನ್ನು ಎಡಗೈಯಲ್ಲಿ ಎತ್ತಿ ರೊಟ್ಟಿಯಿಂದ ಸುತ್ತ ಒರೆಸಿ ತಿಂದರು. ಅಷ್ಟು ದಿನ ತಾವು ಮಾಡಿದ್ದನ್ನು ತಾವೇ ಒಮ್ಮೆಯೂ ತಿಂದು ನೋಡಿರಲಿಲ್ಲ ಎಂಬುದು ಆಗ ಗೊತ್ತಾಯಿತು. ರುಚಿ ಬಾಯಿಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಇದು ಕಮ್ಮಿಯೇ" ಎಂದರು ಅವರು. "ಉಪ್ಪು ಹಾಕೋದೇ ಮರೆತಿದೀನಲ್ಲೇ ಇವತ್ತು!"

ಉಪ್ಪು ಹಾಕಿ ಮತ್ತೆ ರುಬ್ಬಿ, ಮತ್ತೆ ಒರೆಸಿ ತಿಂದು, ಬಟ್ಟಲಿಗೆ ತೋಡಿದರು. ಒದಿಲಿಯಾ ಬಾಯಿ ತೆರೆದರು. ಗಂಟಲಿನ ಮೇಲಿಟ್ಟ ಬೆರಳುಗಳು ಅದು ಏರಿದ್ದನ್ನು, ಇಳಿದದ್ದನ್ನು ಕಂಡವು. ಮತ್ತೆ ಬಾಯಿ ತೆರೆಯಿತು. ಬಟ್ಟಲಿನ ತಳ ಕಾಣುವವರೆಗೆ ಒಮ್ಮೆಯೂ "ಕಮ್ಮಿ" ಬರಲಿಲ್ಲ.

ಆಮೇಲೆ ಬೀನ್ಸ್ ಬೇಯಿಸಿ ಅದೇ ಒರಳಲ್ಲಿ ಅರೆದರು, ಗುಂಡಿನ ತುತ್ತು ತಿಂದು ಕೊಟ್ಟರು. ಕುಂಬಳಕಾಯಿ ಅರೆದರು. ಒರಳಿಗೆ ಯಾವತ್ತೂ ಬೀಳದ ಪದಾರ್ಥಗಳೆಲ್ಲ ಅದರಲ್ಲಿ ಬಿದ್ದವು. ಒದಿಲಿಯಾ ಕೆಲವನ್ನು ತಿಂದರು, ಕೆಲವಕ್ಕೆ ಮುಖ ಹಿಂಡಿದರು. ಗ್ವಾಕಮೋಲೆ ಮಾತ್ರ ದಿನವೂ ಬೇಕಿತ್ತು. ಸೆನೋಬಿಯೊ ಅವರ ಹೊಟ್ಟೆ ಮುಂದೆ ಬಂತು.

ಕಾಂದೆಲಾರಿಯಾ ಕಳೆದು ಆಸ್ಪತ್ರೆಯ ದಿನ ಬಂತು. ತೂಕದ ಯಂತ್ರ ಅವರನ್ನು ಪೂರ್ತಿ ಪಾರುಮಾಡಲಿಲ್ಲ. ಡಿಸೆಂಬರಿನಲ್ಲಿ ಕಳೆದುಕೊಂಡದ್ದು ಜನವರಿಯ ಕೊನೆಯಲ್ಲಿ ಮರಳಿ ಬಂದದ್ದಕ್ಕಿಂತ ಹೆಚ್ಚಾಗಿತ್ತು. ವೈದ್ಯರು ಕಾಗದ ನೋಡಿ ತುಟಿ ಬಿಗಿದರು. "ನಯೇಲಿ ಒಂದ್ಸಲ ತಿನ್ಸಿ ನೋಡ್ಲಿ. ಸರಿಯಾಗಿ ನುಂಗಿದ್ರೆ ಕಾಯೋಣ. ಇಲ್ಲಾಂದ್ರೆ ಇವತ್ತೇ ದಿನ ಗೊತ್ತು ಮಾಡಿಬಿಡೋಣ" ಎಂದು ಮೇಜಿನ ತುದಿಗೆ ಒರಗಿ ನಿಂತರು.

ಸೆನೋಬಿಯೊ ಬೆಳಿಗ್ಗೆ ರುಬ್ಬಿದ್ದನ್ನು ಮುಚ್ಚಳದ ಡಬ್ಬಿಯಲ್ಲಿ ತಂದಿದ್ದರು. ನಯೇಲಿ ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು, ಗದ್ದ ತಗ್ಗಿಸಿ, ಅರ್ಧ ಚಮಚವನ್ನು ತುಟಿಯ ಹತ್ತಿರ ಹಿಡಿದರು.

"ಬಾಯಿ ತೆಗೀರಿ, ಒದಿಲೀತಾ."

"ಕಮ್ಮಿ."

"ಉಪ್ಪು ಕಮ್ಮಿನಾ? ಇನ್ನೂ ತಿಂದೇ ಇಲ್ವಲ್ಲ!" ನಯೇಲಿ ನಕ್ಕು ಇನ್ನೊಮ್ಮೆ ಹಿಡಿದರು. ತುಟಿ ಬಿಗಿದುಕೊಂಡಿತು. ವೈದ್ಯರು ಗಡಿಯಾರ ನೋಡಿದರು. ಅಂಪಾರೊ ತಂದೆಯ ಮೊಣಕೈ ಹಿಡಿದಳು.

ಸೆನೋಬಿಯೊ ಮುಂದೆ ಬಂದು ಡಬ್ಬಿಯ ಅಂಚನ್ನು ಬೆರಳಿನಿಂದ ಒರೆಸಿ ತಾವು ತಿಂದರು. ಒದಿಲಿಯಾ ಅದನ್ನು ನೋಡಿದರು. ಆದರೆ ಕಣ್ಣು ಅಲ್ಲಿಂದ ಸರಿದು ಚಮಚ ಹಿಡಿದ ನಯೇಲಿಯ ಮೇಲೆ ನಿಂತಿತು.

"ಕಮ್ಮಿ" ಎಂದರು ಇನ್ನೂ ಸ್ಪಷ್ಟವಾಗಿ.

"ನೀವು ತಿನ್ಬೇಕು, ಸೆನ್ಯೊರೀತಾ" ಎಂದರು ಸೆನೋಬಿಯೊ.

"ಯಾರು, ನಾನಾ?"

"ಇವತ್ತು ಬಡಿಸೋರು ನೀವು. ಬಡಿಸೋರು ಮೊದಲು ತಿನ್ಬೇಕು. ಅವಳ ತವರಿನ ಪದ್ಧತಿ. ಇಲ್ಲಾಂದ್ರೆ ಅವಳು ಬಾಯಿ ತೆಗೆಯಲ್ಲ."

"ಇಲ್ಲಿ ನಾವು ತಿನ್ನೋ ಹಾಗಿಲ್ಲ, ದೊನ್ ಸೆನೊ." ನಯೇಲಿ ವೈದ್ಯರ ಕಡೆ ತಿರುಗಿದರು. ವೈದ್ಯರು ಕಿಟಕಿಯ ಹೊರಗೆ ಏನೋ ಇದೆ ಎಂಬಂತೆ ಆ ಕಡೆ ನೋಡತೊಡಗಿದರು.

ನಯೇಲಿ ಮಾಸ್ಕ್ ಕೆಳಗೆಳೆದರು. ಬೇರೊಂದು ಚಮಚ ತೆಗೆದುಕೊಂಡು ಡಬ್ಬಿಯಿಂದ ಧಾರಾಳವಾಗಿಯೇ ಎತ್ತಿ ಬಾಯಿಗಿಟ್ಟರು. ಒದಿಲಿಯಾಳ ಅಳತೆಗೆ ಹಾಕಿದ ಮೆಣಸಿನಕಾಯಿ ಅದರಲ್ಲಿತ್ತು. ನಯೇಲಿಯ ಕಣ್ಣು ದೊಡ್ಡದಾಯಿತು. ಮುಖ ಕೆಂಪಾಯಿತು. ಒಮ್ಮೆ ಕೆಮ್ಮಿದರು, ತಡೆದುಕೊಳ್ಳಲು ಹೋಗಿ ಇನ್ನಷ್ಟು ಕೆಮ್ಮಿದರು. ಕೊನೆಗೆ ಬಗ್ಗಿ, ಮೊಣಕಾಲಿನ ಮೇಲೆ ಕೈಯೂರಿ, ನೀರು ನೀರು ಎಂದು ಸನ್ನೆ ಮಾಡಿದರು.

"ಪರೀಕ್ಷೆ ಯಾರದ್ದು ಇವತ್ತು?" ಎಂದು ಕಿಟಕಿಯ ಕಡೆಯಿಂದಲೇ ಕೇಳಿದರು ವೈದ್ಯರು.

ಆಗ ಆ ಕೋಣೆಯಲ್ಲಿ ಒಂದು ಸದ್ದು ಕೇಳಿತು. ಮೊದಲು ಯಾರಿಗೂ ಅದೇನೆಂದು ತಿಳಿಯಲಿಲ್ಲ. ಒದಿಲಿಯಾ ನಗುತ್ತಿದ್ದರು. ಬಾಯಿ ಒಂದೇ ಕಡೆ ತೆರೆದಿತ್ತು, ಭುಜ ಕುಲುಕುತ್ತಿತ್ತು, ಕಣ್ಣಿನಲ್ಲಿ ನೀರು ಬಂದಿತ್ತು. ಮಳೆಗಾಲದಿಂದ ಈಚೆಗೆ ಮನೆಯವರು ಆ ಸದ್ದು ಕೇಳಿರಲಿಲ್ಲ. ಅಂಪಾರೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೆಮ್ಮುತ್ತಲೇ ನಯೇಲಿಯೂ ನಗತೊಡಗಿದರು.

ನಗು ತಣ್ಣಗಾಗಲು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ನಯೇಲಿ ಮತ್ತೆ ಚಮಚ ಹಿಡಿದರು. ಒದಿಲಿಯಾ ಬಾಯಿ ತೆರೆದರು. ಗಂಟಲು ಏರಿತು, ಇಳಿಯಿತು. ಇನ್ನೊಂದು. ಮತ್ತೊಂದು. ಕೆಮ್ಮು ಬರಲಿಲ್ಲ. ಡಬ್ಬಿ ಖಾಲಿಯಾದ ಮೇಲೆ ನಯೇಲಿ ನಾಲಿಗೆಯ ಅಡಿ, ಕೆನ್ನೆಯ ಒಳಗೆ ದೀಪ ಹಿಡಿದು ನೋಡಿ "ಏನೂ ಉಳಿದಿಲ್ಲ" ಎಂದರು. ಕೊಳವೆಯ ಮಾತನ್ನು ವೈದ್ಯರು ಮತ್ತೆ ಎತ್ತಲಿಲ್ಲ. ಈಸ್ಟರ್ ಆದ ಮೇಲೆ ಬನ್ನಿ, ತೂಕ ಏರುತ್ತಲೇ ಇರಬೇಕು ಎಂದು ಹೇಳಿ, ಬಾಗಿಲವರೆಗೆ ತಾವೇ ಕುರ್ಚಿ ತಳ್ಳಿದರು.

ಸೆನೋಬಿಯೊ ನಯೇಲಿಗೆ ಟೋಪಿ ತೆಗೆದರು. ವೈದ್ಯರಿಗೆ ತೆಗೆದರು. ಹೊರಗೆ ಬಸ್ಸಿನ ಡ್ರೈವರ್ ಕುರ್ಚಿ ಏರಿಸಲು ಇಳಿದು ಬಂದಾಗ ಅವನಿಗೂ ತೆಗೆದರು. ದಾರಿಯುದ್ದಕ್ಕೂ ಟೋಪಿ ಮಡಿಲಲ್ಲೇ ಇತ್ತು.

ಒದಿಲಿಯಾಳಿಗೆ ಮಾತು ಮರಳಿ ಬಂದಿಲ್ಲ. ಬರುವ ಸಂಭವ ಕಡಿಮೆ ಎನ್ನುತ್ತಾರೆ. ಆ ಒಂದೇ ಶಬ್ದವನ್ನು ಆಕೆ ಈಗ ಬಗೆಬಗೆಯಾಗಿ ಹೇಳುತ್ತಾರೆ. ಸೆನೋಬಿಯೊ ಬಗೆಬಗೆಯಾಗಿ ಕೇಳಿಸಿಕೊಳ್ಳುತ್ತಾರೆ, ಆಗಾಗ ತಪ್ಪುತ್ತಾರೆ. ಅಡುಗೆಮನೆಯಲ್ಲಿ ಅವರಿಗೆ ಈಗ ಒಂದು ಕುರ್ಚಿಯಿದೆ.

ಆಸ್ಪತ್ರೆಯಿಂದ ಬಂದ ದಿನವೇ ಅವರು ಇನ್ನೊಮ್ಮೆ ರುಬ್ಬಿ, ಗುಂಡಿನ ತುತ್ತು ತಿಂದು, ಒರಳನ್ನು ಎರಡೂ ಕೈಯಲ್ಲಿ ಹೊತ್ತು ಪಕ್ಕದ ಮನೆಗೆ ಹೋದರು. ತ್ರಿನಿ ಬಾಗಿಲು ತೆರೆದರು.

"ಇದೇನು ಕೊಂಪಾದ್ರೆ, ಕಲ್ಲು ಹೊತ್ಕೊಂಡು?"

"ನಿಮಗೆ. ಅವತ್ತಿನದಕ್ಕೆ."

"ನಾನೇನು ಮಾಡಿದೆ? ಹಸಿವಾಗಿತ್ತು, ತಿಂದೆ. ಅದಕ್ಕೂ ಉಪಕಾರ ಹೇಳ್ತಾರಾ?"

ಸೆನೋಬಿಯೊ ಅವರ ಕೈಯಲ್ಲಿ ಒರಳಿತ್ತು. ಟೋಪಿ ತೆಗೆಯಲು ಆಗಲಿಲ್ಲ. ಅದಕ್ಕೇ ಬಾಯಿಬಿಟ್ಟು ಹೇಳಬೇಕಾಯಿತು.

"ಅದಕ್ಕೇ ಹೇಳ್ತಿರೋದು" ಎಂದರು. "ನಿಮಗೆ ಹಸಿವಾಯ್ತಲ್ಲ, ಅದಕ್ಕೆ."

ತ್ರಿನಿ ರೊಟ್ಟಿ ತರಲು ಒಳಗೆ ಹೋದರು.